ಎರಡು ಪೈಪಿನ ಫರ್ನೇಸ್: ಮಿನ್ನೆಸೋಟದ ಕೆಲವು ಚಳಿಗಾಲಗಳ ನಂತರ

ಅಮೆರಿಕದ ಈ ಚಳಿಯ ರಾಜ್ಯದಲ್ಲಿ ನಮ್ಮ ಮನೆಯನ್ನು ಬೆಚ್ಚಗಿಡುತ್ತಿದ್ದ ಹಳೆಯ ಗ್ಯಾಸ್ ಫರ್ನೇಸ್ ತೆಗೆಸಿ, ಹೊಗೆಯಲ್ಲಿನ ಆವಿಯನ್ನು ನೀರಾಗಿಸಿ ಅದರ ಶಾಖವನ್ನೂ ಬಳಸುವ ಕಂಡೆನ್ಸಿಂಗ್ ಮಾದರಿಯದನ್ನು ಹಾಕಿಸಿ ಕೆಲವು ಚಳಿಗಾಲಗಳು ಕಳೆದಿವೆ. ಬಿಲ್ಲು ಇಳಿದಿದೆ, ಸದ್ದು ಕಡಿಮೆಯಾಗಿದೆ. ಆದರೆ ನಾನು ಮೆಚ್ಚುವುದು ಇದರ ಗಾಳಿಯ ವ್ಯವಸ್ಥೆಯನ್ನು. ಹಳೆಯದು ಉರಿಯಲು ಬೇಕಾದ ಗಾಳಿಯನ್ನು ಬೇಸ್‌ಮೆಂಟ್‌ನಿಂದಲೇ ಎಳೆಯುತ್ತಿತ್ತು; ಹೊಗೆ ತನ್ನ ಬಿಸಿಯ ಬಲದಿಂದಲೇ ಚಿಮಣಿ ಹತ್ತಬೇಕಿತ್ತು. ಇದಕ್ಕೆ ಎರಡು ಪಿವಿಸಿ ಪೈಪುಗಳು: ಒಂದು ಹೊರಗಿನ ಗಾಳಿಯನ್ನು ತರುತ್ತದೆ, ಇನ್ನೊಂದರಲ್ಲಿ ಫ್ಯಾನ್ ಹೊಗೆಯನ್ನು ಹೊರದೂಡುತ್ತದೆ. ಶಾಖದ ಬಹುಪಾಲನ್ನು ಯಂತ್ರವೇ ಹೀರಿಕೊಳ್ಳುವುದರಿಂದ ಆ ಹೊಗೆಗೆ ಪ್ಲಾಸ್ಟಿಕ್ ಪೈಪೇ ಸಾಕು. ಪೈಪಿನಲ್ಲಿ ಕಟ್ಟುವ ನೀರು ಹಿಂದಕ್ಕೆ ಹರಿಯಲೆಂದು ಅಡಿಗೆ ಕಾಲು ಇಂಚಿನಂತೆ ಇಳಿಜಾರು ಕೊಟ್ಟಿದ್ದಾರೆ. ಅದು ಆಮ್ಲೀಯ ನೀರು. ಸುಣ್ಣಕಲ್ಲಿನ ಚೂರು ತುಂಬಿದ ಡಬ್ಬಿಯನ್ನು ಹಾದು ಮೋರಿ ಸೇರುತ್ತದೆ. ಕಲ್ಲು ಕರಗಿದಂತೆ ಹೊಸದು ಹಾಕಬೇಕು, ಅಷ್ಟೇ.

ತಕರಾರು ಇರುವುದು ಅಳವಡಿಸಿದ ಕಂಪನಿಯ ಮೇಲೆ. ಪೈಪುಗಳ ಬಾಯಿ ನಿರೀಕ್ಷಿತ ಹಿಮದ ಮಟ್ಟಕ್ಕಿಂತ ಒಂದು ಅಡಿಯಾದರೂ ಮೇಲಿರಬೇಕು. ಇವರು ನೆಲದಿಂದ ಒಂದು ಅಡಿ ಬಿಟ್ಟು ಕೈತೊಳೆದುಕೊಂಡರು. ಗಾಳಿ ಹಿಮವನ್ನು ಗೋಡೆಗೆ ಒತ್ತರಿಸಿದ ರಾತ್ರಿ ಬಾಯಿ ಮುಚ್ಚಿತು, ಗಾಳಿ-ಹೊಗೆಯ ದಾರಿ ಕಟ್ಟಿದ್ದನ್ನು ಗುರುತಿಸುವ ಪ್ರೆಶರ್ ಸ್ವಿಚ್ ಫರ್ನೇಸನ್ನು ನಿಲ್ಲಿಸಿತು. ವಿಷಾನಿಲಕ್ಕಿಂತ ನಡುಕ ಮೇಲು, ಒಪ್ಪುತ್ತೇನೆ. ಆದರೂ ಮೈನಸ್ 25 ಡಿಗ್ರಿಯಲ್ಲಿ ಸಲಿಕೆ ಹಿಡಿದು ನಿಂತವನಿಗೆ ಸಿಟ್ಟು ಬರದೆ ಇರುವುದಿಲ್ಲ. ಆಮೇಲೆ ಪೈಪನ್ನು ಎತ್ತರಿಸಿದರು, ಅದಕ್ಕೂ ಹಣ ಕೇಳಿದರು!

ಇನ್ನೂ ದೊಡ್ಡದು ಗ್ಯಾಸ್ ವಾಟರ್ ಹೀಟರಿನ ವಿಷಯ. ಮೊದಲು ಅದೂ ಫರ್ನೇಸೂ ಒಂದೇ ಚಿಮಣಿಯನ್ನು ಹಂಚಿಕೊಂಡಿದ್ದವು. ಫರ್ನೇಸ್ ಹೊರಬಿದ್ದ ಮೇಲೆ ಹೀಟರೊಂದರ ಅಲ್ಪ ಹೊಗೆ ಆ ಅಗಲವಾದ ಚಿಮಣಿಯನ್ನು ಬಿಸಿಮಾಡಲಾರದು. ಮನೆಯ ಗಾಳಿಯನ್ನು ಹೊರಗೆಳೆಯುವ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನೂ ಬಟ್ಟೆಯ ಡ್ರೈಯರೂ ಒಟ್ಟಿಗೆ ಓಡಿದರೆ ಹೊಗೆ ಕಾರ್ಬನ್ ಮೊನಾಕ್ಸೈಡ್ ಸಮೇತ ಮನೆಯೊಳಗೇ ಇಳಿಯಬಹುದು. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಸತ್ತವರ ಸುದ್ದಿಯನ್ನು ಬೆಂಗಳೂರಿನ ಪತ್ರಿಕೆಗಳಲ್ಲಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಂಪನಿಯ ಕೊಟೇಶನ್‌ನಲ್ಲಿ ಈ ಬಗ್ಗೆ ಒಂದು ಸಾಲೂ ಇರಲಿಲ್ಲ; ತಪಾಸಣೆಗೆ ಬಂದ ನಗರಸಭೆಯ ಇನ್ಸ್‌ಪೆಕ್ಟರ್ ಹೇಳಿದ ಮೇಲೆ ಚಿಮಣಿಯೊಳಗೆ ಸಣ್ಣ ಲೋಹದ ಕೊಳವೆ ಇಳಿಸಿದರು. ಇಲ್ಲಿನ ಕಾನೂನಿನಂತೆ ಪ್ರತಿ ಮಲಗುವ ಕೋಣೆಯಿಂದ 10 ಅಡಿಯೊಳಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು. ನಾನು ಹೀಟರಿನ ಹತ್ತಿರದಲ್ಲೂ ಒಂದನ್ನು ಹಾಕಿದ್ದೇನೆ.

ಯಂತ್ರಕ್ಕೆ ಐದಕ್ಕೆ ಐದು, ಅಳವಡಿಸಿದವರಿಗೆ ಎರಡು. ಕೊಳ್ಳುವವರು ಹಿಮದ ಎತ್ತರ ಮತ್ತು ವಾಟರ್ ಹೀಟರಿನ ಚಿಮಣಿ, ಇವೆರಡನ್ನೂ ಕೊಟೇಶನ್‌ನಲ್ಲಿ ಬರೆಸಿಕೊಂಡೇ ಮುಂಗಡ ಕೊಡಿ.