ಸೋರ್ಸ್ ಕೋಡ್ ಇದೆಯಲ್ಲ ಅಂತ ನಂಬಿ ಕೆಟ್ಟೆ

ಚಿಕ್ಕಮಗಳೂರಿನಲ್ಲಿ ಕಾಫಿ ತೋಟಗಳ ಲೆಕ್ಕ ಬರೆಯೋದು ನನ್ನ ಕೆಲಸ. ಹದಿನಾಲ್ಕು ಮನೆಯವರ ಪ್ಯಾನ್, ಬ್ಯಾಂಕ್ ಪಾಸ್‌ವರ್ಡ್ ಎಲ್ಲ ನನ್ನ ಲ್ಯಾಪ್‌ಟಾಪಿನಲ್ಲೇ ಇವೆ. ಮೊದಲು ಟ್ರೂಕ್ರಿಪ್ಟ್ ಅನ್ನೋ, ಫೈಲ್‌ಗಳನ್ನು ಗೂಢಲಿಪಿಗೆ ಬದಲಿಸುವ ಸಾಫ್ಟ್‌ವೇರ್‌ನಲ್ಲಿ ಬೀಗ ಹಾಕಿ ಇಡುತ್ತಿದ್ದೆ. ಅದನ್ನು ಬರೆದವರು 2014ರ ಮೇ ತಿಂಗಳಲ್ಲಿ ಕೈಬಿಟ್ಟರು. ಆದರೂ ಹಳೇದನ್ನೇ ವರ್ಷಗಟ್ಟಲೆ ಎಳೆದೆ. ಹೋದ ವರ್ಷ ಅದರದೇ ಕೋಡ್‌ನಿಂದ ಮಾಡಿದ ಒಂದು ಫೋರ್ಕ್, ಅಂದರೆ ಬೇರೆಯವರು ಬದಲಿಸಿ ಬಿಟ್ಟ ಆವೃತ್ತಿ, ಸಿಕ್ಕಿತು. ಹೆಸರು ಬೇಡ, ಎಲ್ಲರಿಗೂ ಗೊತ್ತಿರುವ ಫೋರ್ಕ್ ವೆರಾಕ್ರಿಪ್ಟ್ ಅಂತೂ ಅಲ್ಲ. "ಹೆಸರು, ಬಣ್ಣ ಮಾತ್ರ ಬೇರೆ, ಬೇಕಾದ್ರೆ ಸೋರ್ಸ್ ನೋಡ್ಕೊಳ್ಳಿ" ಅಂತ ಬರೆದಿದ್ದರು. ಸೋರ್ಸ್ ಅಂದರೆ ಪ್ರೋಗ್ರಾಮರ್ ಬರೆದ ಮೂಲ ಕೋಡ್; ನಾವು ಓಡಿಸೋದು ಅದರಿಂದ ತಯಾರಾದ ಫೈಲ್. ಪಕ್ಕದಲ್ಲೇ ಹ್ಯಾಶ್, ಅಂದರೆ ಫೈಲಿನಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಸಂಖ್ಯೆ, ಕೊಟ್ಟಿದ್ದರು. ಹೋಲಿಸಿದೆ, ಸರಿಹೋಯಿತು, ಹಾಕಿಕೊಂಡೆ.

ಎಡವಿದ್ದು ಅಲ್ಲೇ. ಫೈಲ್ ಕೊಟ್ಟವರೇ ಹ್ಯಾಶನ್ನೂ ಕೊಟ್ಟರೆ, ಡೌನ್‌ಲೋಡ್ ಆಗುವಾಗ ಫೈಲ್ ಕೆಡಲಿಲ್ಲ ಅಂತ ಗೊತ್ತಾಗುತ್ತೆ, ಅಷ್ಟೇ.

ಡಿಸೆಂಬರ್‌ನಲ್ಲಿ, ಯಾವ ಸಾಫ್ಟ್‌ವೇರ್ ನೆಟ್‌ಗೆ ಹೋಗುತ್ತೆ ಅಂತ ಕಾಯುವ ಹೊಸ ಫೈರ್‌ವಾಲ್ ಹಾಕಿದೆ. ಬೀಗ ಹಾಕಿದ ಫೈಲ್‌ಗಳ ಪೆಟ್ಟಿಗೆಯನ್ನು (ವಾಲ್ಯೂಮ್) ತೆರೆದಾಗಲೆಲ್ಲ ಆ ಸಾಫ್ಟ್‌ವೇರ್ ನೆಟ್‌ಗೆ ಹೋಗಲು ನೋಡುತ್ತಿತ್ತು. ಬೀಗಕ್ಕೆ ಇಂಟರ್ನೆಟ್ ಯಾಕೆ? ಸೋರ್ಸಿನಲ್ಲಿ ಹುಡುಕಿದರೆ ಅಂಥ ಸಾಲೇ ಇಲ್ಲ. ಹಾಸನದಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ ಒಂದೇ ಮಾತು ಕೇಳಿದ: "ಮಾವ, ನೀವು ಹಾಕ್ಕೊಂಡ ಈ ಇಎಕ್ಸ್‌ಇ ಫೈಲ್ ಆ ಸೋರ್ಸಿಂದಲೇ ಆಗಿದ್ದು ಅಂತ ಯಾರು ಹೇಳಿದ್ದು?" ಕಣ್ಣೆದುರೇ ಬೀಜ ಹುರಿಸಿ, ಪುಡಿ ಮಾಡಿಸಿ, ಚಿಕೋರಿ ಎಷ್ಟು ಹಾಕಿದ್ರಿ ಅಂತ ಜಗಳ ಆಡೋನು ನಾನು, ಇದನ್ನು ಮಾತ್ರ ಕೇಳಲೇ ಇಲ್ಲ!

ಎರಡು ಭಾನುವಾರ ಇಬ್ಬರೂ ಕೂತೆವು. ಫೋರ್ಕ್ ಮುಟ್ಟುವ ಮೊದಲು, ನಮ್ಮ ವಿಧಾನ ಸರಿಯಿದೆಯಾ ಅಂತ ತಿಳಿಯೋಕೆ, ಮೂಲ ಟ್ರೂಕ್ರಿಪ್ಟ್ 7.1ಎ ಅನ್ನೇ ಬಿಲ್ಡ್ ಮಾಡಬೇಕು (ಸೋರ್ಸಿನಿಂದ ಓಡುವ ಫೈಲ್ ತಯಾರಿಸಬೇಕು) ಅಂದ ಹುಡುಗ. ಕೆನಡಾದ ಕಾಂಕಾರ್ಡಿಯಾ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು 2013ರಲ್ಲೇ ಇದನ್ನು ಮಾಡಿ ತೋರಿಸಿದ್ದಾರೆ. ಸೋರ್ಸನ್ನು ಓಡುವ ಫೈಲ್ ಮಾಡುವ ಕಂಪೈಲರ್ ಬೇರೆ ಆದರೆ ಫೈಲಿನ ಬೈಟ್‌ಗಳೂ ಬೇರೆ ಆಗುತ್ತವೆ. ಹಾಗಾಗಿ ಮೂಲದವರು ಬಳಸಿದ ವಿಷುಯಲ್ ಸಿ++ 2008 ಬೇಕು, ಕಂಪ್ಯೂಟರ್ ಶುರುವಾಗುವಾಗ ಓಡುವ ಬೂಟ್‌ಲೋಡರ್ ಭಾಗಕ್ಕೆ 1990ರ ದಶಕದ ವಿಷುಯಲ್ ಸಿ++ 1.52 ಬೇಕು. ಹುಡುಗ ಹುಟ್ಟೋಕೆ ಮುಂಚಿನ ಕಂಪೈಲರ್! ಅದನ್ನು ಹುಡುಕೋದರಲ್ಲೇ ಮೊದಲ ಭಾನುವಾರ ಮುಗಿಯಿತು. ಕೊನೆಗೆ ಹೋಲಿಸಿದಾಗ ಬೇರೆ ಬಂದದ್ದು ಬಿಲ್ಡ್ ಆದ ಸಮಯ, ಫೈಲಿನೊಳಗಿನ ತಾಳೆ ಸಂಖ್ಯೆ (ಚೆಕ್‌ಸಮ್), ಡಿಜಿಟಲ್ ಸಹಿ ಮಾತ್ರ. ಒಂದೊಂದಕ್ಕೂ ಕಾರಣ ಹೇಳಬಹುದು.

ಆಮೇಲೆ ಅದೇ ಕಂಪೈಲರ್‌ಗಳಲ್ಲಿ ಫೋರ್ಕಿನ ಸೋರ್ಸ್ ಬಿಲ್ಡ್ ಮಾಡಿದೆವು. ಅವರು ಕೊಟ್ಟ ಫೈಲ್ ನಮ್ಮದಕ್ಕಿಂತ ದೊಡ್ಡದು. ಒಂದು ಇಡೀ ತುಂಡು ಜಾಸ್ತಿ ಇತ್ತು. ಯಾಕೆ ಅಂತ ಕೇಳಿ ಮೇಲ್ ಹಾಕಿದರೆ ಉತ್ತರವೇ ಇಲ್ಲ.

ನೀವು ಯಾವುದೇ ಫೋರ್ಕ್ ಹಾಕಿಕೊಳ್ಳುವ ಮೊದಲು, ಬೇರೆ ಯಾರಾದರೂ ಅದನ್ನು ಸೋರ್ಸಿನಿಂದ ಬಿಲ್ಡ್ ಮಾಡಿ ಹೋಲಿಸಿದ್ದಾರಾ ಅಂತ ನೋಡಿ. ಇಲ್ಲದಿದ್ದರೆ ಮುಟ್ಟಬೇಡಿ.

ಹದಿನಾಲ್ಕು ಮನೆಗೂ ನಾನೇ ಫೋನ್ ಮಾಡಿದೆ. ಕೊಯ್ಲಿನ ಗಡಿಬಿಡಿಯಲ್ಲಿದ್ದ ಹಿರಿಯರೊಬ್ಬರು ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ಬ್ಯಾಂಕಿಗೆ ಇವತ್ತೇ ಹೋಗ್ಬೇಕೇನಪ್ಪಾ?" ಅಂದರು. ಇವತ್ತೇ ಅಂದೆ.