ಡ್ಯಾಕ್ ಡೆಮೊಗೆ ಹೋಗುವ ಮುಂಚೆ ಇದನ್ನು ಓದಿ

ದುಬಾರಿ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಬೇಕಾದ ಅನಲಾಗ್ ಸಿಗ್ನಲ್ ಮಾಡಿ ಕೊಡುವ ಡಬ್ಬಿ) ತಗೊಳ್ಳಬೇಕು ಅಂತ ಯೋಚನೆ ಮಾಡುತ್ತಿದ್ದರೆ ಎರಡು ನಿಮಿಷ ನಿಲ್ಲಿ. ನಾನು ಮೋಸ ಹೋಗಿದ್ದೇನೆ. ನನ್ನ ಜೋಡಿ ಸ್ಪೀಕರ್‌ಗೆ ಕೊಟ್ಟಿದ್ದರ ಮೂರು ಪಟ್ಟು ದುಡ್ಡನ್ನು ಒಂದು ಡಬ್ಬಿಗೆ ಸುರಿದಿದ್ದೇನೆ. ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ, ಇನ್ನೊಬ್ಬರ ದುಡ್ಡು ಹೀಗೆ ಹೋಗಬಾರದು.

ಡೆಮೊ ಹೇಗೆ ನಡೆಯಿತು ಅಂತ ಹೇಳುತ್ತೇನೆ. ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳೋಣ ಅಂತ ನನ್ನ ಹಳೆಯ ಚಿಕ್ಕ ಡ್ಯಾಕನ್ನೂ ತಗೊಂಡು ಹೋಗಿದ್ದೆ. ಮಾರುವವರು ಹಳೆಯದನ್ನು ಆಂಪ್ಲಿಫೈಯರ್‌ಗೆ ಆರ್‌ಸಿಎ ಕೇಬಲ್‌ನಲ್ಲಿ (ಮನೆ ಆಡಿಯೋದ ಮಾಮೂಲಿ ಕೇಬಲ್) ಸಿಗಿಸಿದರು. ಹೊಸದನ್ನು ಎಕ್ಸ್‌ಎಲ್‌ಆರ್‌ನಲ್ಲಿ (ಮೂರು ಪಿನ್‌ನ ಬ್ಯಾಲೆನ್ಸ್ಡ್ ಕೇಬಲ್). "ಇದು ಬ್ಯಾಲೆನ್ಸ್ಡ್ ಸರ್, ಇದಕ್ಕೆ ಈ ಕೇಬಲ್ಲೇ ಸರಿ" ಅಂದರು. ನನ್ನ ಕಣ್ಣೆದುರೇ ಸಿಗಿಸಿದರು. ಮೊದಲು ಹಳೆಯದರಲ್ಲಿ ಹಾಡು ಹಾಕಿದರು, ಆಮೇಲೆ ರಿಮೋಟ್‌ನಲ್ಲಿ ಇನ್‌ಪುಟ್ ಬದಲಿಸಿದರು. ವಾಲ್ಯೂಮ್ ಮುಟ್ಟಲಿಲ್ಲ.

ಅಬ್ಬಾ, ಏನು ವ್ಯತ್ಯಾಸ! ಹಾಡುವವರ ಉಸಿರು ಕೇಳಿಸಿತು. ತಂತಿ ಮೀಟಿದ್ದು ಎದೆಗೇ ತಾಗಿದ ಹಾಗಾಯಿತು. ಆದರೂ ಎಲ್ಲೋ ಅನುಮಾನ ಬಂತು, ಬಾಯಿಬಿಟ್ಟು ಕೇಳಿದೆ: "ಇದು ಸ್ವಲ್ಪ ಜೋರಾಗಿದೆ ಅಲ್ವಾ?" ಅವರು ಒಂದು ಕ್ಷಣವೂ ತಡಮಾಡದೆ ಹೇಳಿದರು: "ಅದು ಜೋರಲ್ಲ ಸರ್, ಡೈನಾಮಿಕ್ಸ್. ಒಳ್ಳೆ ಡ್ಯಾಕ್‌ನಲ್ಲಿ ಹಾಗೇ ಕೇಳಿಸೋದು."

ಡೈನಾಮಿಕ್ಸ್ ಅಂದರೆ ಮೆಲ್ಲನೆಯ ಸದ್ದಿಗೂ ಜೋರು ಸದ್ದಿಗೂ ಇರುವ ಅಂತರ. ನಾನು ತಲೆ ಆಡಿಸಿದೆ. ಇದೇ ನನಗೆ ಈಗಲೂ ಹೊಟ್ಟೆ ಉರಿಸುವುದು. ಸರಿಯಾದ ಪ್ರಶ್ನೆಯನ್ನೇ ಕೇಳಿದ್ದೆ. ನನ್ನ ಕಿವಿ ಸರಿಯಾಗಿಯೇ ಹೇಳಿತ್ತು. ಅವರ ಒಂದು ಮಾತಿಗೆ ನನ್ನ ಕಿವಿಯನ್ನೇ ನಂಬದೆ ಹೋದೆ. ಅವತ್ತೇ ದುಡ್ಡು ಕೊಟ್ಟೆ. ಎಕ್ಸ್‌ಎಲ್‌ಆರ್ ಕೇಬಲ್‌ಗೆ ಬೇರೆ ದುಡ್ಡು.

ಮೂರು ವಾರ ಖುಷಿಯಾಗಿದ್ದೆ. ಗೊತ್ತಿರುವವರನ್ನೆಲ್ಲ ಕರೆದು ಕೇಳಿಸಿದೆ. ಆಮೇಲೆ ಒಂದು ರಾತ್ರಿ ಆಂಪ್ಲಿಫೈಯರ್ ಡಿಸ್‌ಪ್ಲೇ ಮೇಲೆ ಕಣ್ಣು ಬಿತ್ತು. ರಾತ್ರಿ ಹೊತ್ತು ನಾನು ಯಾವಾಗಲೂ ಮೈನಸ್ 30 ಡೆಸಿಬೆಲ್‌ಗೆ ಇಟ್ಟು ಕೇಳುವವನು. ವರ್ಷಗಳಿಂದ ಹಾಗೇ. ಈಗ ನೋಡಿದರೆ ಮೈನಸ್ 36! ಗೊತ್ತಿಲ್ಲದೆಯೇ ಕೈ ಅಷ್ಟು ಇಳಿಸಿಕೊಂಡು ಕೂತಿದೆ. ತಕ್ಷಣ ಮ್ಯಾನ್ಯುಯಲ್ ತೆಗೆದೆ. ಆರ್‌ಸಿಎ ಔಟ್‌ಪುಟ್ 2 ವೋಲ್ಟ್, ಎಕ್ಸ್‌ಎಲ್‌ಆರ್ ಔಟ್‌ಪುಟ್ 4 ವೋಲ್ಟ್. ವೋಲ್ಟೇಜ್ ಎರಡರಷ್ಟಾದರೆ 6 ಡೆಸಿಬೆಲ್ ಜಾಸ್ತಿ. ಲೆಕ್ಕ ಅಲ್ಲೇ ಇತ್ತು. ಡೈನಾಮಿಕ್ಸ್ ಅಂತೆ! ಬರೀ ಜೋರು ಸ್ವಾಮಿ, ಬರೀ ಜೋರು. ಅರ್ಧ ಡೆಸಿಬೆಲ್ ಜಾಸ್ತಿ ಆದರೂ ಸಾಕು, ಜೋರಾಯಿತು ಅಂತ ಗೊತ್ತಾಗದೆ "ಇದೇ ಚೆನ್ನಾಗಿದೆ" ಅನ್ನಿಸುತ್ತದೆ. ಇಲ್ಲಿ 6 ಡೆಸಿಬೆಲ್.

ಆ ವಾರದ ಕೊನೆಯಲ್ಲಿ ಸರಿಯಾಗಿ ಪರೀಕ್ಷೆ ಮಾಡಿದೆ. ಸ್ಟ್ರೀಮರ್‌ನ (ನೆಟ್‌ನಿಂದ ಹಾಡು ಓಡಿಸುವ ಡಬ್ಬಿ) ಎರಡು ಡಿಜಿಟಲ್ ಔಟ್‌ಪುಟ್‌ಗಳಲ್ಲಿ ಆಪ್ಟಿಕಲ್ ಹಳೆಯದಕ್ಕೆ, ಕೋಆಕ್ಸಿಯಲ್ ಹೊಸದಕ್ಕೆ. 400 ಹರ್ಟ್ಸ್ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್‌ನಲ್ಲಿ ಮಲ್ಟಿಮೀಟರ್ ಹಿಡಿದು, ಎರಡರ ವೋಲ್ಟೇಜ್ ಶೇಕಡಾ 1ರ ಒಳಗೆ ಬರುವವರೆಗೆ ಹೊಸದರ ವಾಲ್ಯೂಮ್ ಇಳಿಸಿದೆ. ಡಿಸ್‌ಪ್ಲೇ ಮೇಲೆ ಟವೆಲ್ ಮುಚ್ಚಿದೆ. ಅಕ್ಕನ ಮಗ ನನ್ನ ಬೆನ್ನ ಹಿಂದೆ ಕೂತು, ನಾಣ್ಯ ಚಿಮ್ಮಿ ಇನ್‌ಪುಟ್ ಬದಲಿಸಿದ. ಯಾವ ಡ್ಯಾಕ್ ಓಡುತ್ತಿದೆ ಅಂತ ನಾನು ಹೇಳಬೇಕು. 20 ಸಲ. ವ್ಯತ್ಯಾಸ ನಿಜವಾಗಿ ಕೇಳಿಸುತ್ತಿದೆ ಅನ್ನೋಕೆ 15 ಆದರೂ ಸರಿ ಇರಬೇಕು, ಯಾಕೆಂದರೆ ಸುಮ್ನೆ ಊಹಿಸಿ ಅಷ್ಟು ಸರಿ ಬರುವ ಸಾಧ್ಯತೆ ಶೇಕಡಾ 2ರಷ್ಟು ಮಾತ್ರ. ನನ್ನದು 11. "ಮಾವ, ಇನ್ನೊಂದ್ಸಲ ಮಾಡೋಣ್ವಾ?" ಅಂದ ಪಾಪ. ಮಾಡಿದೆವು. ಆಗ 9.

ಮಾರಿದವರಿಗೆ ಫೋನ್ ಮಾಡಿದೆ. ಅವರ ಉತ್ತರಗಳನ್ನು ಇದ್ದ ಹಾಗೇ ಬರೆಯುತ್ತೇನೆ, ನಿಮಗೂ ಇದೇ ಹೇಳುತ್ತಾರೆ.

ಮೊದಲು, "ಇನ್ನೂ ಬರ್ನ್-ಇನ್ ಆಗಿಲ್ಲ ಸರ್, 300 ಗಂಟೆ ಓಡಿಸಿ." ಅಂದರೆ ಓಡಿಸುತ್ತಾ ಹೋದರೆ ಸದ್ದು ಪಳಗುತ್ತದಂತೆ. ಹಾಗಾದರೆ ಡೆಮೊ ದಿನ ಅಷ್ಟು ಹೊಗಳಿದ್ದು ಯಾವುದನ್ನ? 300 ಗಂಟೆಯೂ ಓಡಿಸಿದೆ. ಮತ್ತೆ ಫೋನ್ ಮಾಡಿದೆ. "ಪವರ್ ಕೇಬಲ್ ಬದಲಿಸಿ ನೋಡಿ." ಬದಲಿಸಲ್ಲ ಅಂದೆ. "ನೀವು ಸಿಡಿ ಮಟ್ಟದ ಫೈಲ್ ಹಾಕಿರ್ತೀರಿ, ಹೈ-ರೆಸ್ ಹಾಕಿ." ಹೈ-ರೆಸ್ ಅಂದರೆ ಸಿಡಿಗಿಂತ ಹೆಚ್ಚು ವಿವರ ಹಿಡಿದಿಡುವ ಫೈಲ್. ಇದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಸಿಡಿಯ 16 ಬಿಟ್ಟಿಗೇ ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರು ಸದ್ದಿಗೂ ನಡುವೆ ಸುಮಾರು 96 ಡೆಸಿಬೆಲ್ ಅಂತರ ಸಿಗುತ್ತದೆ, ಮನೆಯೊಳಗೆ ಅದನ್ನೇ ಪೂರ್ತಿ ಬಳಸೋಕೆ ಆಗಲ್ಲ. 2007ರಲ್ಲಿ ಮೆಯರ್ ಮತ್ತು ಮೊರಾನ್ ಅನ್ನುವವರು ಹೈ-ರೆಸ್ ಡಿಸ್ಕನ್ನೂ ಅದನ್ನೇ ಸಿಡಿ ಮಟ್ಟಕ್ಕೆ ಇಳಿಸಿದ್ದನ್ನೂ ಜನರಿಗೆ ಕೇಳಿಸಿ ಪರೀಕ್ಷೆ ಮಾಡಿದ್ದರು. 554 ಸಲದಲ್ಲಿ 276 ಸರಿ. ಅರ್ಧವೂ ಇಲ್ಲ. ಇದನ್ನು ಹೇಳಿದೆ. ಆಗ ಬಂತು ನೋಡಿ: "ಸರ್, ಬೇಜಾರು ಮಾಡ್ಕೋಬೇಡಿ, ಎಲ್ಲರ ಕಿವಿಗೂ ಇದು ಗೊತ್ತಾಗಲ್ಲ."

ನನ್ನ ಕಿವಿ ಸರಿ ಇಲ್ಲವಂತೆ! ಡೆಮೊ ದಿನ "ನಿಮ್ಮ ಕಿವಿ ಬಹಳ ಸೂಕ್ಷ್ಮ ಸರ್" ಅಂದಿದ್ದೂ ಇದೇ ಬಾಯಿ. ವಾಲ್ಯೂಮ್ ಯಾಕೆ ಸಮ ಮಾಡಲಿಲ್ಲ ಅಂತ ಕೇಳಿದರೆ "ನೀವು ಹೇಳಲಿಲ್ವಲ್ಲ" ಅಂದರು. ಹೇಳಿದ್ದೆ! ಜೋರಾಗಿದೆ ಅಂತ ಹೇಳಿದ್ದೆ! ವಾಪಸ್ ತಗೊಳ್ಳಿ ಅಂದರೆ ಸೀಲ್ ಒಡೆದಿದೆ, ಆಗಲ್ಲ. ಬೇಕಾದರೆ ಇದನ್ನು ಕೊಟ್ಟು ಇದರ ಮೇಲಿನ ಮಾಡೆಲ್ ತಗೊಳ್ಳಬಹುದಂತೆ. ಫೋನ್ ಇಟ್ಟೆ.

ಡ್ಯಾಕ್ ಬೇಡವೇ ಬೇಡ ಅನ್ನುತ್ತಿಲ್ಲ. ಕಂಪ್ಯೂಟರ್ ಜ್ಯಾಕ್‌ನಿಂದ ಗುಂಯ್ ಅಂತ ಸದ್ದು ಬರುತ್ತಿದ್ದರೆ ಹೊರಗಿನ ಒಂದು ಸಾಧಾರಣ ಡ್ಯಾಕ್ ಹಾಕಿದಾಗ ಅದು ಹೋಗಬಹುದು. ಆದರೆ ಈಗ ಅಗ್ಗದ ಡ್ಯಾಕ್‌ಗಳಲ್ಲೂ ಡಿಸ್ಟಾರ್ಷನ್ (ಸದ್ದು ವಿರೂಪವಾಗುವುದು) 0.001 ಶೇಕಡಾ ಆಸುಪಾಸು ಇರುತ್ತದೆ. ಸ್ಪೀಕರ್‌ನಲ್ಲಿ, ಅದರಲ್ಲೂ ಬೇಸ್‌ನಲ್ಲಿ, ಅದು ಒಂದು ಶೇಕಡಾ ದಾಟುವುದು ಮಾಮೂಲು. ಕೋಣೆಯಂತೂ ಬೇಸ್ ಅನ್ನು 10 ಡೆಸಿಬೆಲ್ ಮೇಲೆ ಕೆಳಗೆ ಎಳೆದಾಡುತ್ತದೆ. ನಾನು ಆಮೇಲೆ ಸ್ಪೀಕರ್‌ಗಳನ್ನು ಗೋಡೆಯಿಂದ ಎರಡು ಅಡಿ ಮುಂದಕ್ಕೆ ಎಳೆದು, ಮುಂದೆ ದಪ್ಪ ಕಂಬಳಿ ಹಾಸಿದೆ. ಆ ವ್ಯತ್ಯಾಸ ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ಅದಕ್ಕೆ ನನಗೆ ದುಡ್ಡೇ ಖರ್ಚಾಗಲಿಲ್ಲ.

ಡೆಮೊಗೆ ಹೋಗಲೇಬೇಕು ಅಂದರೆ ಮಲ್ಟಿಮೀಟರ್ ತಗೊಂಡು ಹೋಗಿ. ಎರಡನ್ನೂ ಒಂದೇ ಥರದ ಕೇಬಲ್‌ನಲ್ಲಿ ಸಿಗಿಸಿ ಅನ್ನಿ. ಎರಡರ ಔಟ್‌ಪುಟ್ ಎಷ್ಟು ವೋಲ್ಟ್ ಅಂತ ಕೇಳಿ. ಮೀಟರ್ ಹಿಡಿಯೋಕೆ ಬಿಡಲ್ಲ ಅಂದರೆ ಎದ್ದು ಬಂದುಬಿಡಿ, ಮುಲಾಜು ಬೇಡ. ತಗೊಳ್ಳೋದೇ ಆದರೆ ಸೀಲ್ ಒಡೆದ ಮೇಲೂ ವಾಪಸ್ ತಗೊಳ್ಳುತ್ತೇವೆ ಅಂತ ಬರವಣಿಗೆಯಲ್ಲಿ ಇಸ್ಕೊಳ್ಳಿ. ಬಾಯಿಮಾತಲ್ಲಿ ಬೇಡ. ನನಗೆ ಬಾಯಿಮಾತಲ್ಲಿ "ನೋಡೋಣ ಸರ್, ಏನಾದ್ರೂ ಮಾಡೋಣ" ಅಂದಿದ್ದರು.