ಬೆಣ್ಣೆ ದೋಸೆ ಜೊತೆಗೆ ಸಿನಿಮಾ ನಾಯಕರ ರಾಜಕೀಯ

ದಾವಣಗೆರೆ ರಾಂ ಅಂಡ್ ಕೋ ಸರ್ಕಲ್ ಹತ್ತಿರದ ಈ ಸಣ್ಣ ಹೋಟೆಲಿಗೆ ದೋಸೆಗಷ್ಟೇ ಅಲ್ಲ, ಮಾತಿಗೂ ಹೋಗಬೇಕು. ದೋಸೆಯ ಅಂಚು ಗರಿಗರಿ, ಒಳಗೆ ಮೆತ್ತಗೆ, ಮೇಲೆ ಕರಗುತ್ತಿರುವ ಬಿಳಿ ಬೆಣ್ಣೆ. ಚಟ್ನಿ ಮಾತ್ರ ಸ್ವಲ್ಪ ನೀರು.

ಮೊನ್ನೆ ಪಕ್ಕದ ಟೇಬಲ್ಲಿನವರು, ‘ತೆಲುಗು ನಟ ಎನ್.ಟಿ. ರಾಮರಾವ್ 1982ರಲ್ಲಿ ಪಕ್ಷ ಕಟ್ಟಿ 1983ರ ಜನವರಿಗೆ ಆಂಧ್ರದ ಮುಖ್ಯಮಂತ್ರಿಯಾದರು, ಸಿನಿಮಾ ನಾಯಕರಿಗೆ ರಾಜಕೀಯದ ಅನುಭವ ಯಾಕೆ ಬೇಕು?’ ಅಂದರು. ನಾನೂ ಬಾಯಿ ಹಾಕಿದೆ. ರೇಗನ್ ಕೂಡ ನಟರೇ, ಆದರೆ ಅಮೆರಿಕದ ಅಧ್ಯಕ್ಷರಾಗುವ ಮುಂಚೆ 8 ವರ್ಷ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದರಲ್ವಾ? ಗೆಲ್ಲೋದು ಬೇರೆ, ಬಜೆಟ್ ಅರ್ಥ ಮಾಡಿಕೊಳ್ಳೋದು ಬೇರೆ. ಇಲ್ಲಿ ಕಾವಲಿ ಮುಂದೆ ನಿಂತವರೂ ವರ್ಷಗಟ್ಟಲೆ ಹಿಟ್ಟು ರುಬ್ಬಿ ಬಂದವರು. ಸುಮ್ನೆ ಮುಖ ನೋಡಿ ಖಜಾನೆ ಕೊಡಬಾರದು.

ಎಷ್ಟು ಹೊತ್ತು ಮಾತಾಡಿದರೂ ಮಾಲೀಕರು ಎಬ್ಬಿಸುವುದಿಲ್ಲ. ಭಾನುವಾರ ರಶ್ ಜಾಸ್ತಿ, ಬೇಗ ಹೋಗಿ.